ರೀಸ್ಟಾರ್ಟ್ ಎಂಬ ಸೋಮಾರಿತನ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ನೂರು ಗ್ರಾಂ ಕಡಿಮೆ ಬಂದರೂ ರೈತ ಸುಮ್ಮನಿರುವುದಿಲ್ಲ. ಅಂಥ ರೈತರ ಮನೆಯಲ್ಲೇ ಹುಟ್ಟಿ, ನಾಲ್ಕಕ್ಷರ ಕಲಿತು ಕಂಪ್ಯೂಟರುಗಳ ಹೊಣೆ ಹೊತ್ತ ನಾವು ಮಾತ್ರ ಮೆಮೊರಿ ಕಣ್ಣೆದುರೇ ಸೋರಿಹೋದರೂ ಲೆಕ್ಕ ಕೇಳುವುದಿಲ್ಲ. ಸಕಲ ರೋಗಕ್ಕೂ ನಮ್ಮಲ್ಲಿರುವ ಮದ್ದು ಒಂದೇ: ಆಫ್ ಮಾಡಿ, ಆನ್ ಮಾಡಿ.

ಚಿಂತಾಮಣಿಯ ಒಂದು ಕಾಲೇಜಿನ ಲ್ಯಾಬು. 2 ಜಿಬಿ ಮೆಮೊರಿಯ, ಲಿನಕ್ಸ್ ಹಾಕಿದ ಹಳೆಯ ಯಂತ್ರ. ಬೆಳಿಗ್ಗೆ ಚುರುಕಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಮೌಸಿಗೂ ಓಗೊಡುತ್ತಿರಲಿಲ್ಲ. ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದ ಹುಡುಗಿ 'ಸಾರ್, ಇನ್ನೂ ಸೇವ್ ಆಗಿಲ್ಲ' ಅನ್ನುವಷ್ಟರಲ್ಲಿ ಪವರ್ ಬಟನ್ ಒತ್ತಿಯಾಗಿತ್ತು. ಒತ್ತಿದವನು ನಾನೇ.

ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಪರದೆಯನ್ನು ನಡೆಸುವ ಎಕ್ಸ್ ಸರ್ವರ್ ಪರರ ಹೊರೆಯನ್ನೂ ಹೊರುತ್ತದೆ. ಬ್ರೌಸರಿನಂಥ ಪ್ರೋಗ್ರಾಂಗಳು ಇಟ್ಟ ಚಿತ್ರಗಳನ್ನು ಅವು ಬಿಡುಗಡೆ ಮಾಡುವವರೆಗೆ ಹಿಡಿದುಕೊಂಡಿರುತ್ತದೆ. 1920×1080 ಅಳತೆಯ ಒಂದು ಚಿತ್ರಕ್ಕೆ ಸುಮಾರು 8 ಎಂಬಿ. ಅಂಥ ನೂರನ್ನು ಬಿಡಲು ಮರೆತರೆ 800 ಎಂಬಿ. ಬೈಗುಳ ಎಕ್ಸ್ ಸರ್ವರ್‌ಗೆ, ತಪ್ಪು ಬೇರೆಯವರದು. ಯಾರು ಎಷ್ಟು ಹಿಡಿದಿದ್ದಾರೆಂದು ಎಕ್ಸ್‌ರೆಸ್‌ಟಾಪ್ ಎಂಬ ಪ್ರೋಗ್ರಾಂ ಸಾಲುಸಾಲಾಗಿ ತೋರಿಸುತ್ತದೆ, ನೋಡುವ ಕಣ್ಣಿದ್ದರೆ. ಬಿಟ್ಟ ಮೆಮೊರಿಯೂ ಕೆಲವೊಮ್ಮೆ ಹಿಂತಿರುಗುವುದಿಲ್ಲ. ಮೆಮೊರಿ ಹಂಚುವ ಜಿಲಿಬ್‌ಸಿ, 128 ಕೆಬಿ ಮೀರಿದ ಬೇಡಿಕೆಗೆ ಮೊದಲು ಪ್ರತ್ಯೇಕ ಜಾಗ ಕೊಡುತ್ತದೆ. ಬಿಟ್ಟ ತಕ್ಷಣ ಅದು ವ್ಯವಸ್ಥೆಗೆ ವಾಪಸು. ಆದರೆ ದೊಡ್ಡ ತುಂಡುಗಳನ್ನು ಬಿಟ್ಟಂತೆಲ್ಲ ಆ ಮಿತಿಯನ್ನು ತಾನೇ ಏರಿಸಿಕೊಳ್ಳುತ್ತದೆ, 64 ಬಿಟ್ ಯಂತ್ರದಲ್ಲಿ 32 ಎಂಬಿವರೆಗೂ. ಆಮೇಲೆ ದೊಡ್ಡ ಚಿತ್ರಗಳೂ ಹೀಪ್ ಎಂಬ ಒಂದೇ ರಾಶಿಗೆ ಸೇರುತ್ತವೆ. ಅವುಗಳ ಮೇಲೆ ಚಿಕ್ಕದೊಂದು ತುಣುಕು ಕೂತರೂ ಹೀಪಿನ ತುದಿ ಕೆಳಗಿಳಿಯದು, ಬಿಟ್ಟ ಜಾಗ ವ್ಯವಸ್ಥೆಗೆ ಮರಳದು. ಮಿತಿಯನ್ನು ನಾವೇ ಗೊತ್ತುಮಾಡಿದರೆ ಈ ಏರಿಕೆ ನಿಲ್ಲುತ್ತದೆ. ಸೋರಿಕೆ ನಿಲ್ಲುವುದಿಲ್ಲ, ಅದಕ್ಕೆ ಸೋರುವ ಪ್ರೋಗ್ರಾಮನ್ನೇ ಹಿಡಿಯಬೇಕು. ಸೋರಿಕೆಯೋ, ಹಿಂತಿರುಗದ ಮೆಮೊರಿಯೋ ಎಂದು ಅಳೆಯದೆ ಸೆಟ್ಟಿಂಗ್ ತಿರುಚುವುದು ನಾಡಿ ನೋಡದೆ ಸೂಜಿ ಚುಚ್ಚಿದ ಹಾಗೆ.

1984ರಲ್ಲಿ ಎಂಐಟಿಯಲ್ಲಿ ಎಕ್ಸ್ ಹುಟ್ಟಿದಾಗ ಮೆಮೊರಿ ಚಿನ್ನದಂಥದ್ದು, ಬರೆಯುವವರು ಬೈಟು ಬೈಟಿಗೂ ಲೆಕ್ಕ ಇಡುತ್ತಿದ್ದರು. ಇಂದು ನಮ್ಮ ಲೆಕ್ಕವೆಲ್ಲ 'ರ್‍ಯಾಮ್ ಹಾಕಿಸಿಬಿಡಿ' ಎಂಬಲ್ಲಿಗೆ ಮುಗಿಯುತ್ತದೆ. ಯಂತ್ರಕ್ಕೆ 'ಹಳತಾಯಿತು' ಎಂದು ಷರಾ ಬರೆದು ಮೂಲೆಗೆ ತಳ್ಳುತ್ತೇವೆ, ಅದೇ ಸೋರಿಕೆಯನ್ನು ಹೊಸ ಯಂತ್ರಕ್ಕೂ ಹಾಕಿಕೊಡುತ್ತೇವೆ. ಸಾವಿರ ಅಡಿ ಕೊರೆದು ನೀರು ಹುಡುಕುವ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಪೋಲು ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಕಾಲುವೆ ನೀರನ್ನು ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿ ರೂಪಿಸಿದರು. 1903ರಲ್ಲಿ ಖಡಕ್‌ವಾಸ್ಲಾದಲ್ಲಿ ತಾವಾಗಿ ತೆರೆದು ಮುಚ್ಚುವ ಗೇಟುಗಳನ್ನು ಕೂರಿಸಿದರು. ಗೌರಿಬಿದನೂರು ತಾಲ್ಲೂಕಿನ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನು ಕಲಿಸುತ್ತಲೇ ಬದುಕಿದರು. ಸೆಪ್ಟೆಂಬರ್ 15ರ ಜಯಂತಿಗೆ ಒಬ್ಬರ ಪಟಕ್ಕೆ ಹಾರ ಹಾಕಿ, ಇನ್ನೊಬ್ಬರ ಹೆಸರಿನಲ್ಲಿ ಭಾಷಣ ಮಾಡಿ, ಲ್ಯಾಬಿಗೆ ಬಂದು ಬಟನ್ ಒತ್ತುವವರು ನಾವು.

ಆ ಹುಡುಗಿ ಅರ್ಜಿಯನ್ನು ಮೊದಲಿನಿಂದ ತುಂಬಿದಳು. ನಾಳೆ ಪರದೆ ನಿಂತಾಗ ಬಟನ್ನಿಗೆ ಕೈ ಹಾಕುವ ಮೊದಲು ಮೆಮೊರಿ ಯಾರ ಬಳಿ ಎಷ್ಟಿದೆ ಎಂದು ನೋಡಿ, ಒಂದು ಸಾಲು ಬರೆದಿಡಿ. ಐದು ನಿಮಿಷದ ಕೆಲಸ. ಅದೂ ಆಗದಿದ್ದರೆ ಆ ಕುರ್ಚಿ ಬಿಡಿ.