ಜೈಲಿನ ಬಾಗಿಲು ಒಳಕ್ಕೂ ತೆರೆಯಲಿ

ಮಾರನಾಯಕ ದೊರೆಯನ್ನು ಕೊಲ್ಲುತ್ತಾನೆ. ಅಂದಿನಿಂದ ಅವನ ಬಳಿ ನಿದ್ದೆ ಸುಳಿಯುವುದಿಲ್ಲ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ಗೆ ಎಚ್.ಎಸ್. ಶಿವಪ್ರಕಾಶ್ ಕೊಟ್ಟ ಕನ್ನಡ ರೂಪ ಈ ‘ಮಾರನಾಯಕ’. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿ ಅದನ್ನು ಜೈಲಿನ ಕೈದಿಗಳಿಂದ ಆಡಿಸಿದರು. ಅವರು ಕಟ್ಟಿದ ಕೈದಿಗಳ ತಂಡಗಳಲ್ಲಿ ಕೊಲೆಗಾಗಿ ಜೀವಾವಧಿ ಶಿಕ್ಷೆಗೆ ಒಳಗಾದವರೂ ಇದ್ದರು. ಪೊಲೀಸ್ ಕಾವಲಿನಲ್ಲಿ ರಂಗಮಂದಿರಕ್ಕೆ ಬಂದು, ಬಣ್ಣ ಹಚ್ಚಿ, ಆಡಿ, ಬಣ್ಣ ಒರೆಸಿಕೊಂಡು ಮತ್ತೆ ಬ್ಯಾರಕ್ಕಿಗೆ ಮರಳಿದವರು ಅವರು. ಮೈಸೂರಿನ ‘ಸಂಕಲ್ಪ’ ತಂಡದ ಮೂಲಕ ಕಟ್ಟಿಮನಿ ಈ ಕೆಲಸವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದಾರೆ.

ನಾಟಕದ ದಿನ ಬೀಳುವ ಚಪ್ಪಾಳೆ ಎಲ್ಲರಿಗೂ ಕೇಳಿಸುತ್ತದೆ. ನಿಜವಾದ ಕೆಲಸ ನಡೆಯುವುದು ಅದಕ್ಕೂ ಮುಂಚಿನ ತಾಲೀಮಿನ ತಿಂಗಳುಗಳಲ್ಲಿ. ಹೊತ್ತಿಗೆ ಸರಿಯಾಗಿ ಬರಬೇಕು. ಇನ್ನೊಬ್ಬನ ಮಾತು ಮುಗಿಯುವವರೆಗೆ ಬಾಯಿ ಬಿಗಿಹಿಡಿಯಬೇಕು. ಓದು ಬಾರದವನಿಗೆ ಪಕ್ಕದವನು ಸಾಲು ಹೇಳಿಕೊಡಬೇಕು. ನಿರ್ದೇಶಕ ಹತ್ತು ಜನರೆದುರು ಗದರಿದರೆ ಕೈ ಎತ್ತದೆ ತಡೆದುಕೊಳ್ಳಬೇಕು. ಎಷ್ಟೋ ಮಂದಿ ಜೈಲು ಸೇರಿದ್ದೇ ಆ ತಡೆದುಕೊಳ್ಳುವಿಕೆ ಒಂದು ಗಳಿಗೆ ಕೈಕೊಟ್ಟದ್ದರಿಂದ. ಅದರ ಮೇಲೆ, ಕೊಂದವನ ಸಂಕಟವನ್ನು ಬೇರೊಬ್ಬನ ಹೆಸರಿನಲ್ಲಿ, ಬೇರೊಬ್ಬನ ಮಾತಿನಲ್ಲಿ ದಿನವೂ ಆಡಬೇಕು. ತನ್ನ ತಪ್ಪಿನ ಮುಂದೆ ನೇರವಾಗಿ ನಿಲ್ಲಲಾರದವನಿಗೆ ಪಾತ್ರವೊಂದು ಮರೆಯಾಗುತ್ತದೆ, ನಿಧಾನಕ್ಕೆ ಕನ್ನಡಿಯೂ ಆಗುತ್ತದೆ.

ಇಂಥ ಗುಂಪು ಚಟುವಟಿಕೆಗಳಿಗೆ ನಾಟಕವೇ ಬೇಕೆಂದೇನಿಲ್ಲ. ಕುಡಿತ ಬಿಡಲು ಬಯಸುವವರು 1935ರಲ್ಲಿ ಅಮೆರಿಕದಲ್ಲಿ ಕಟ್ಟಿಕೊಂಡ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಭೆಗಳು ಇಂದು ಹಲವು ದೇಶಗಳ ಜೈಲುಗಳೊಳಗೂ ಕೂಡುತ್ತವೆ. ಸಿಟ್ಟಿನ ನಿರ್ವಹಣೆಗೆಂದೇ ನಡೆಯುವ ಗುಂಪುಗಳಿವೆ. ಅಲ್ಲಿ ಹತ್ತು ಹನ್ನೆರಡು ಜನ ಸುತ್ತು ಕುಳಿತು, ಅಪರಾಧಕ್ಕೆ ಮುಂಚಿನ ಕೆಲವು ನಿಮಿಷಗಳನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಯಾರು ಏನಂದರು, ಆಗ ಮನಸ್ಸಿಗೆ ಏನು ಬಂತು, ಎದ್ದು ಹೋಗಲು ದಾರಿ ಎಲ್ಲಿತ್ತು? ಅಧಿಕಾರಿಯ ಉಪದೇಶಕ್ಕೆ ತಲೆಯಾಡಿಸಿ ಸುಮ್ಮನಾಗುವವನು, ತನ್ನಂತೆಯೇ ಬಿದ್ದ ಇನ್ನೊಬ್ಬ “ಸುಳ್ಳು ಹೇಳಬೇಡ” ಎಂದಾಗ ಜಾರಿಕೊಳ್ಳಲಾರ.

ಇದರಿಂದ ಫಲ ಉಂಟೇ ಎಂದು ತೆರಿಗೆ ಕಟ್ಟುವವರು ಕೇಳುವುದು ನ್ಯಾಯವೇ. ಅಮೆರಿಕದ ರ‍್ಯಾಂಡ್ ಸಂಸ್ಥೆ 2013ರಲ್ಲಿ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಜೈಲಿನಲ್ಲಿ ಓದು, ಕಸುಬಿನ ತರಗತಿಗಳಿಗೆ ಸೇರಿದ್ದವರು ಬಿಡುಗಡೆಯಾದ ಮೇಲೆ ಮತ್ತೆ ಜೈಲಿಗೆ ಮರಳುವ ಪ್ರಮಾಣ, ಸೇರದವರಿಗಿಂತ 13 ಶೇಕಡಾವಾರು ಅಂಶಗಳಷ್ಟು ಕಡಿಮೆಯಿತ್ತು. ಬದಲಾಗಲು ಮನಸ್ಸಿದ್ದವರೇ ತರಗತಿಗೂ ಹೆಚ್ಚಾಗಿ ಬರುತ್ತಾರೆ ಎಂಬ ತಕರಾರಿನಲ್ಲಿ ಹುರುಳಿದೆ. ಅದನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ತಳ್ಳಿಹಾಕುವಂಥದ್ದಲ್ಲ.

ಇನ್ನೊಂದು ಫಲಿತಾಂಶವನ್ನೂ ಮುಚ್ಚಿಡಬಾರದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ ಲೈಂಗಿಕ ಅಪರಾಧಿಗಳಿಗಾಗಿ ಗುಂಪು ಚಿಕಿತ್ಸೆಯ ದೊಡ್ಡ ಕಾರ್ಯಕ್ರಮವೊಂದು ವರ್ಷಗಳ ಕಾಲ ನಡೆಯಿತು. 2017ರಲ್ಲಿ ಅಳೆದು ನೋಡಿದಾಗ, ಅದರಲ್ಲಿ ಪಾಲ್ಗೊಂಡವರಲ್ಲಿ ನೂರಕ್ಕೆ 10 ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು. ಪಾಲ್ಗೊಳ್ಳದವರಲ್ಲಿ ಆ ಸಂಖ್ಯೆ 8. ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ಜನರನ್ನು ಸುತ್ತು ಕೂರಿಸಿದ ಮಾತ್ರಕ್ಕೆ ಮನಸ್ಸು ತಿರುಗುವುದಿಲ್ಲ. ಯಾರಿಗೆ ಯಾವ ಗುಂಪು, ನಡೆಸುವವರಿಗೆ ಎಂಥ ತರಬೇತಿ, ಹೊರಬಂದವರನ್ನು ಎರಡು ಮೂರು ವರ್ಷ ಯಾರು ವಿಚಾರಿಸಿಕೊಳ್ಳುತ್ತಾರೆ ಎಂಬುದೆಲ್ಲ ಮುಖ್ಯ. ಉದ್ಘಾಟನೆಯ ಫೋಟೊದೊಂದಿಗೆ ಮುಗಿದುಹೋಗುವ ಶಿಬಿರಗಳು ಯಾರನ್ನೂ ಬದಲಿಸಿಲ್ಲ.

ಭಾರತದ ಜೈಲುಗಳ ಸ್ಥಿತಿ ಈ ಕೆಲಸವನ್ನು ಇನ್ನಷ್ಟು ಕಠಿಣವಾಗಿಸಿದೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಜಾಗ ಇದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ಇನ್ನೂ ಅಪರಾಧ ಸಾಬೀತಾಗದವರಿಂದಲೇ ಜೈಲುಗಳು ಬಹುತೇಕ ತುಂಬಿಹೋಗಿದ್ದವು. ಕಸುಬಿನ ತರಬೇತಿ, ಕೂಲಿ ಸಿಗುವ ಕೆಲಸ ಇವೆಲ್ಲ ಹೆಚ್ಚಾಗಿ ಸಜಾ ಕೈದಿಗಳ ಲೆಕ್ಕದಲ್ಲಿ ರೂಪುಗೊಂಡಂಥವು. ಸಣ್ಣ ಕಳವಿಗೆ ಮೊದಲ ಬಾರಿ ಒಳಗೆ ಬಂದ ಇಪ್ಪತ್ತರ ಹುಡುಗ ಜಾಮೀನಿಗೆ ಕಾಯುತ್ತಾ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತಾನೆ. ಆ ಹೊತ್ತಿನಲ್ಲಿ ಅವನಿಗೆ ಪಾಠ ಹೇಳುವವರು ಪಕ್ಕದ ಹಾಸಿಗೆಯ ಪಳಗಿದ ಕಳ್ಳರು. ಗುಂಪು ಎಂಬುದು ಜೈಲಿನಲ್ಲಿ ಹೇಗೂ ಇದ್ದೇ ಇದೆ. ಅದನ್ನು ಯಾರು ಕಟ್ಟುತ್ತಾರೆ ಎಂಬುದಷ್ಟೇ ಪ್ರಶ್ನೆ.

ರಾಜಸ್ಥಾನ ಇದಕ್ಕೆ ತನ್ನದೇ ಉತ್ತರ ಕಂಡುಕೊಂಡಿದೆ. ಜೈಪುರದ ಪಕ್ಕದ ಸಾಂಗಾನೇರಿನ ಬಯಲು ಬಂದೀಖಾನೆಯಲ್ಲಿ, ಶಿಕ್ಷೆಯ ಮೂರನೇ ಒಂದು ಭಾಗವನ್ನಾದರೂ ಮುಗಿಸಿದ ಕೈದಿಗಳು ಹೆಂಡತಿ ಮಕ್ಕಳೊಂದಿಗೆ ಇರುತ್ತಾರೆ. ಬೆಳಿಗ್ಗೆ ಹೊರಗೆ ದುಡಿಯಲು ಹೋಗಿ ಸಂಜೆ ಮರಳುತ್ತಾರೆ. ಅಲ್ಲಿನ ದಿನನಿತ್ಯದ ಶಿಸ್ತನ್ನು ನೋಡಿಕೊಳ್ಳುವುದು ಕೈದಿಗಳದೇ ‘ಬಂದಿ ಪಂಚಾಯತ್’. ಒಬ್ಬ ತಪ್ಪಿಸಿಕೊಂಡರೆ ಎಲ್ಲರ ಹೆಸರೂ ಕೆಡುತ್ತದೆ ಎಂಬ ಅರಿವೇ ಅಲ್ಲಿನ ಗೋಡೆ. ಕರ್ನಾಟಕದಲ್ಲಿಯೂ ದೇವನಹಳ್ಳಿ ಬಳಿಯ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಇಷ್ಟು ದೊಡ್ಡ ರಾಜ್ಯಕ್ಕೆ ಅದು ತೀರಾ ಚಿಕ್ಕದು.

ಕೊಲೆಯಾದವನ ತಾಯಿ ಈ ಮಾತುಗಳನ್ನು ಹೇಗೆ ಕೇಳಿಸಿಕೊಂಡಾಳು? ಆಕೆಯ ನೋವನ್ನು ಯಾವ ನಾಟಕವೂ ತೀರಿಸುವುದಿಲ್ಲ. ಕೈದಿಯನ್ನು ಕ್ಷಮಿಸಿ ಎಂದು ಆಕೆಯನ್ನು ಕೇಳುವ ಹಕ್ಕೂ ಯಾರಿಗೂ ಇಲ್ಲ. ಆದರೆ ಜೈಲಿಗೆ ಹೋದವರಲ್ಲಿ ಹೆಚ್ಚಿನವರು ಒಂದು ದಿನ ಹೊರಬಂದೇ ಬರುತ್ತಾರೆ, ಯಾವುದೋ ಬೀದಿಯಲ್ಲಿ ಬಾಡಿಗೆ ಮನೆ ಹುಡುಕುತ್ತಾರೆ. ಅವರು ಹೋದಂತೆಯೇ ಮರಳಿದರೆ ಇನ್ನೊಬ್ಬ ತಾಯಿ ಅದೇ ಗೋಳಿಗೆ ಬೀಳುತ್ತಾಳೆ. ಅದನ್ನು ತಪ್ಪಿಸುವುದಕ್ಕಾಗಿಯೇ ಈ ಮನವಿ.

ಕನ್ನಡ ನಾಡಿನಲ್ಲಿ ಹವ್ಯಾಸಿ ನಾಟಕ ತಂಡಗಳಿಗೆ ಕೊರತೆಯಿಲ್ಲ. ನಿವೃತ್ತ ಮೇಷ್ಟ್ರುಗಳು, ಆಪ್ತಸಮಾಲೋಚಕರು, ಭಜನಾ ಮಂಡಳಿಗಳು, ವಕೀಲರು ಊರೂರಲ್ಲಿ ಇದ್ದಾರೆ. ಬಹುತೇಕ ಜಿಲ್ಲಾ ಕೇಂದ್ರಗಳಲ್ಲಿ ಒಂದು ಜೈಲೂ ಇದೆ, ಅದರ ಗೋಡೆಯಾಚೆಗೆ ಏನಿದೆಯೆಂದು ನೋಡಿದವರು ಮಾತ್ರ ಕಡಿಮೆ. ಇವರು ತಮ್ಮ ಊರಿನ ಜೈಲಿನ ಅಧೀಕ್ಷಕರನ್ನು ಕಂಡು, ವಿಚಾರಣಾಧೀನ ಕೈದಿಗಳೂ ಸೇರಿದಂತೆ ಎಲ್ಲರಿಗೂ ವಾರಕ್ಕೆರಡು ದಿನ ತಾಲೀಮನ್ನೋ ತರಗತಿಯನ್ನೋ ನಡೆಸಲು ಅನುಮತಿ ಕೇಳಲಿ. ಗ್ಯಾರೇಜು, ಬೇಕರಿ, ಪ್ರಿಂಟಿಂಗ್ ಪ್ರೆಸ್ಸು ನಡೆಸುವವರು ಬಿಡುಗಡೆಯಾದ ಒಬ್ಬನಿಗಾದರೂ ಕೆಲಸ ಕೊಡಲಿ. ಯಾವ ಕಾರ್ಯಕ್ರಮದಿಂದ ಎಷ್ಟು ಮಂದಿ ಮತ್ತೆ ಜೈಲಿಗೆ ಬರಲಿಲ್ಲ ಎಂಬ ಲೆಕ್ಕವನ್ನು ಇಲಾಖೆ ವರ್ಷಕ್ಕೊಮ್ಮೆ ಜನರ ಮುಂದಿಡಲಿ ಎಂದು ಶಾಸಕರನ್ನು ಒತ್ತಾಯಿಸಲಿ.

ಏನು ಕಲಿಸಬಲ್ಲೆವು, ಎಷ್ಟು ತಿಂಗಳು ಬರಬಲ್ಲೆವು ಎಂದು ಜೈಲಿನ ಅಧೀಕ್ಷಕರಿಗೆ ಒಂದು ಪುಟದ ಪತ್ರ ಬರೆದರೆ ಮೊದಲ ಹೆಜ್ಜೆ ಇಟ್ಟಂತೆ. ಆ ಪತ್ರವನ್ನು ಓದುಗರು ಈ ತಿಂಗಳೊಳಗೇ ಬರೆಯಬೇಕೆಂದು ಕಳಕಳಿಯ ವಿನಂತಿ.