ಮೇಷ್ಟ್ರು ಒಲ್ಲೆ ಎಂದರು

ಕೊರಟಗೆರೆಯಲ್ಲಿ ಓದಿದ ಮಗನೋ ಮಗಳೋ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡರೆ ಹೆತ್ತವರಿಗೆ ಹಿಗ್ಗೋ ಹಿಗ್ಗು. ಆದರೆ ಒಂದೇ ಸೂರಿನಡಿ ಇದ್ದವರೆಲ್ಲ ನೆರೆಹೊರೆಯವರಾದಾರೆಯೆ? ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರ ಇಂಗ್ಲಿಷ್ ಕಾದಂಬರಿ ‘ಲಾಸ್ಟ್ ಮ್ಯಾನ್ ಇನ್ ಟವರ್’ (2011) ಕೇಳುವುದು ಇದನ್ನೇ.

ಮುಂಬೈನ ವಕೋಲಾದಲ್ಲೊಂದು ಹಳೇ ಕಟ್ಟಡ. ಅದನ್ನು ಕೆಡವಿ ಹೊಸದು ಎಬ್ಬಿಸಲು ಬಿಲ್ಡರ್ ಕೈತುಂಬ ಹಣ ಕೊಡುತ್ತೇನೆನ್ನುತ್ತಾನೆ. ಎಲ್ಲರೂ ಒಪ್ಪಿದರಷ್ಟೇ ವ್ಯವಹಾರ. ನಿವೃತ್ತ ಮೇಷ್ಟ್ರೊಬ್ಬರು ಒಲ್ಲೆ ಎನ್ನುತ್ತಾರೆ. ಅವರಿಂದ ಪಾಠ ಹೇಳಿಸಿಕೊಂಡ ಮಕ್ಕಳ ತಂದೆತಾಯಿಯರೇ ತಿರುಗಿಬೀಳುತ್ತಾರೆ. ನಗುತ್ತ ಓದಲು ಕೂತವರಿಗೆ ಬರಬರುತ್ತ ನಗು ಗಂಟಲಲ್ಲೇ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಓದಿ. ಪೋಷಕರೇ, ಊಟಕ್ಕೆ ಕೂತಾಗ ಮಕ್ಕಳನ್ನು ಕೇಳಿ: ‘ಆ ಕಟ್ಟಡದಲ್ಲಿ ನಾವಿದ್ದಿದ್ದರೆ ಮೇಷ್ಟ್ರ ಪಕ್ಕ ನಿಲ್ಲುತ್ತಿದ್ದೆವೋ, ಎದುರಿಗೋ?’ ಉತ್ತರ ಪರೀಕ್ಷೆಗೆ ಬರುವುದಿಲ್ಲ, ಬದುಕಿಗೆ ಬರುತ್ತದೆ.