ಕೋಳಿ ಸತ್ತರೆ ಚಳಿಯನ್ನೇ ದೂರಬೇಡಿ

ಡಿಸೆಂಬರ್ ಬಂತಂದರೆ ನಮ್ಮ ಕಡೆ ಮನೆಗೋಳಿ ಸಾಯುವ ಸುದ್ದಿ ಶುರು. ಜೋಯಿಡಾದಲ್ಲಿ ಕೇಳಿ, ಹಳಿಯಾಳ, ಮುಂಡಗೋಡದಲ್ಲಿ ಕೇಳಿ, ಉತ್ತರ ಒಂದೇ: "ಚಳಿಗೆ ಹೋದವು." ಈ ಮಾತು ಬಿಡುವ ಕಾಲ ಬಂದಿದೆ. ಎಷ್ಟೋ ಕಡೆ ಕೋಳಿಯನ್ನು ಕೊಲ್ಲುವುದು ಬರೀ ಚಳಿಯಲ್ಲ. ಗಾಳಿಯಾಡದ ಗೂಡು ಮತ್ತು ಹಾಕಿಸದ ಲಸಿಕೆ.

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪುಕ್ಕ ಒಣಗಿದ್ದರೆ ನಮ್ಮ ಭಾಗದ ಚಳಿಯನ್ನು ದೊಡ್ಡ ಕೋಳಿ ತಡೆದುಕೊಳ್ಳುತ್ತದೆ. ತಡೆಯಲಾರದ್ದು ಒದ್ದೆ ಮತ್ತು ನೇರ ಬಡಿಯುವ ಗಾಳಿ. ನಾವು ಪಾಪ ಅಂತ ಇಡೀ ಗೂಡಿಗೆ ಪ್ಲಾಸ್ಟಿಕ್ ಸುತ್ತುತ್ತೇವೆ. ಉಸಿರಿನ ಪಸೆ ಒಳಗೇ ನಿಲ್ಲುತ್ತದೆ, ಹಿಕ್ಕೆಯಿಂದ ಘಾಟು ಏಳುತ್ತದೆ. ಬೆಳಿಗ್ಗೆ ಗೂಡಿಗೆ ಮುಖ ಹಾಕಿದಾಗ ನಿಮ್ಮ ಕಣ್ಣು ಉರಿದರೆ, ರಾತ್ರಿಯಿಡೀ ಕೋಳಿ ಕುಡಿದದ್ದು ಅದೇ ಗಾಳಿ.

ಕೋಳಿ ಕೂರುವ ಮಟ್ಟಕ್ಕೆ ಗೋಣಿಚೀಲ ಕಟ್ಟಿ. ಮೇಲೆ, ಮಾಡಿನ ಕೆಳಗೆ ಗೇಣಗಲ ತೆರೆದು ಜಾಲರಿ ಬಡಿಯಿರಿ. ಕಾಡುಬೆಕ್ಕು, ಮುಂಗುಸಿಯೂ ಒಳಗೆ ಬಾರವು. ನೆಲಕ್ಕೆ ಒಣ ಭತ್ತದ ಹೊಟ್ಟು ಹರಡಿ, ಒದ್ದೆಯಾದದ್ದನ್ನು ತೆಗೆಯಿರಿ. ಮುಚ್ಚಿದ ಗೂಡಿನಲ್ಲಿ ಕೆಂಡದ ಮಡಕೆ ಮಾತ್ರ ಬೇಡ, ಅದರ ಹೊಗೆ ವಿಷ. ದಾಂಡೇಲಿ ಪೇಟೆಯಲ್ಲಿ ಲವ್ ಬರ್ಡ್ಸ್ ಸಾಕುವವರಿಗೂ ಇದೇ ಮಾತು: ಪಂಜರಕ್ಕೆ ಮೂರು ಕಡೆ ಬಟ್ಟೆ ಹೊದಿಸಿ, ಒಂದು ಕಡೆ ಬಿಡಿ.

ಮರಿಗಳ ವಿಷಯ ಬೇರೆ. ಅವಕ್ಕೆ ಚಳಿಯೇ ಶತ್ರು. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರವಾರ ಸ್ವಲ್ಪ ಕಡಿಮೆ ಮಾಡಬಹುದು. ಬಲ್ಬಿನ ಕೆಳಗೆ ಮರಿಗಳು ಗುಂಪುಗಟ್ಟಿದರೆ ಕಾವು ಸಾಲದು. ದೂರ ಓಡಿದರೆ ಹೆಚ್ಚಾಗಿದೆ. ಹರಡಿ ಓಡಾಡಿದರೆ ಸರಿ. ಬಲ್ಬು ಹುಲ್ಲಿಗೆ, ಹೊಟ್ಟಿಗೆ ತಾಗದಂತೆ ಗಟ್ಟಿಯಾಗಿ ಕಟ್ಟಿ.

ಇಷ್ಟೆಲ್ಲ ಮಾಡಿದರೂ ನಾಲ್ಕೈದು ದಿನದಲ್ಲಿ ಗೂಡಿಗೆ ಗೂಡೇ ಖಾಲಿಯಾದರೆ? ಹಸಿರು ಭೇದಿ, ತಿರುಚಿದ ಕುತ್ತಿಗೆ, ಬಾಯಿ ತೆರೆದು ಉಸಿರಾಟ ಕಂಡರೆ ಅದು ಚಳಿಯ ಕೆಲಸವಲ್ಲ, ರಾಣಿಖೇತ್ ಇರಬಹುದು. ಬಂದ ಮೇಲೆ ಮದ್ದಿಲ್ಲ. ಬಾರದಂತೆ ಲಸಿಕೆ ಇದೆ: ಮೊದಲ ವಾರ ಕಣ್ಣಿಗೋ ಮೂಗಿಗೋ ಹನಿ, ಸುಮಾರು 8 ವಾರಕ್ಕೆ ಚುಚ್ಚುಮದ್ದು.

ತೊಡಕಿರುವುದು ಇಲ್ಲೇ. ಒಂದು ಬಾಟಲಿ ಲಸಿಕೆ ನೂರಾರು ಕೋಳಿಗೆ ಆಗುವಷ್ಟಿರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಒಬ್ಬರೇ ತಂದು ಏನು ಮಾಡಿಯಾರು? ಎಮ್ಮೆ, ಆಕಳಿಗೆ ಕಾಲುಬಾಯಿ ಲಸಿಕೆ ಹಾಕಲು ಇಲಾಖೆಯವರು ಮನೆ ಬಾಗಿಲಿಗೆ ಬರುತ್ತಾರೆ. ಕೋಳಿಗೂ ಚಳಿಗಾಲಕ್ಕೆ ಮುಂಚೆ ಊರಿಗೊಂದು ದಿನ ಗೊತ್ತು ಮಾಡಲಿ ಎಂಬುದು ನಮ್ಮ ಒತ್ತಾಯ.

ಕೋಳಿ, ಮೊಟ್ಟೆಯ ದುಡ್ಡು ಬಹಳ ಮನೆಗಳಲ್ಲಿ ಹೆಂಗಸರ ಕೈಯ ದುಡ್ಡು. ಮಕ್ಕಳ ಪಟ್ಟಿ-ಪುಸ್ತಕ, ಆಸ್ಪತ್ರೆಯ ಬಸ್ಸಿನ ಚಾರ್ಜು ಅದರಲ್ಲೇ. ಆಕಳು ಸತ್ತರೆ ಪಂಚನಾಮೆ, ಕೋಳಿ ಸತ್ತರೆ ಲೆಕ್ಕವೇ ಇಲ್ಲ. ಇಲಾಖೆ ಬರುವ ತನಕ ಕಾಯಬೇಡಿ. ಮುಂದಿನ ಸಂಘದ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿ ಅಂತ ಬರೆದುಕೊಳ್ಳಿ. ಆ ಚೀಟಿ ಹಿಡಿದು ಪಶು ಆಸ್ಪತ್ರೆಗೆ ಹೋಗಿ, ಒಂದು ದಿನ ಕೇಳಿ.